ಬರಿಗೈಯ ಬಿಡುವು

ಮನೆಯಿಂದ,
ತಾ. ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪನಿಗೆ,

ಉಸಿರಾಟ ಹೇಗಿದೆ? ಮೆಟ್ಟಿಲು ಹತ್ತುವಾಗ ಈಗಲೂ ನಡುವೆ ನಿಲ್ಲಬೇಕಾಗುತ್ತದೆಯೇ? ಅತ್ತೆಯ ಮನೆಯಲ್ಲಿ ಊಟಕ್ಕೂ ಕಮ್ಮಿಯಿಲ್ಲ, ಉಪದೇಶಕ್ಕೂ ಕಮ್ಮಿಯಿಲ್ಲ ಎಂದು ಗೊತ್ತು. ಎರಡನ್ನೂ ಹೊಟ್ಟೆಗೆ ಹಾಕಿಕೊಳ್ಳಿ. ಅಮ್ಮ ಚೆನ್ನಾಗಿದ್ದಾಳೆ. ಫೋನಿನಲ್ಲಾದರೆ ನೀವು ಮಾತು ತಿರುಗಿಸಿಬಿಡುತ್ತೀರಿ, ಅದಕ್ಕೇ ಈ ಕಾಗದ.

ನೀವು ದುಡಿಯುತ್ತಿದ್ದ ಲಾಂಡ್ರಿಯಲ್ಲೇ, ನಿಮ್ಮ ಇಸ್ತ್ರಿ ಮೇಜಿನ ಮುಂದೆಯೇ ಈಗ ದಿನವೂ ನಾನು ನಿಲ್ಲುತ್ತೇನೆ. ಹೋಟೆಲುಗಳಿಂದ ಬರುವ ಹಾಸಿಗೆ ಬಟ್ಟೆಯ ರಾಶಿ ಬೆಳಿಗ್ಗೆ ಎಷ್ಟಿರುತ್ತದೋ ಸಂಜೆಗೂ ಅಷ್ಟೇ. ಹಬೆಗೆ ಮುಖ ಬೆಂದುಹೋಗುತ್ತದೆ. ಊಟದ ಹೊತ್ತು ಬಿಟ್ಟರೆ ಅಲ್ಲಿ ಕೂರಲು ಇರುವುದು ಒಂದೇ ದಾರಿ, ಸಿಗರೇಟು. ಸೇದುವವರು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಬರಬಹುದು, ಸೇದದವರು ನಿಂತೇ ಸಾಯಬೇಕು. ನನ್ನ ಜೊತೆ ಸೇರಿದ ಹುಡುಗರಿಬ್ಬರೂ ಕಾಲುನೋವು ತಾಳಲಾರದೆ ಸೇದುವುದನ್ನು ಕಲಿತರು. ನೀವೂ ನನ್ನ ವಯಸ್ಸಿನಲ್ಲಿ ಹೀಗೇ ಶುರುಮಾಡಿದ್ದು ಎಂದು ಅಮ್ಮ ಹೇಳಿದಳು.

ಶುಕ್ರವಾರ ನಾನು ಬರಿಗೈಯಲ್ಲೇ ಹೋಗಿ ಆ ಮೆಟ್ಟಿಲ ಮೇಲೆ ಕೂತೆ. ಮೇಸ್ತ್ರಿ ಬಂದು, "ಸೇದಲ್ಲ ಅಂದ್ಮೇಲೆ ನಿಂಗೇನೋ ಕೆಲ್ಸ ಇಲ್ಲಿ?" ಎಂದರು. "ಕಾಲು ನೋಯ್ತಿದೆ, ಕೂತಿದೀನಿ" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಈಗ ನನ್ನನ್ನು 'ಬರಿಗೈ ದೊರೆ' ಎನ್ನುತ್ತಾರೆ. ನಿನ್ನೆಯೂ ಕೂತೆ. ನಾಳೆಯೂ ಕೂತರೆ ಕೆಲಸವಿಲ್ಲ ಎಂದಿದ್ದಾರೆ ಮೇಸ್ತ್ರಿ. ಹೋದ ವಾರ ಫೋನಿನಲ್ಲಿ ಕಾಲುನೋವು ಎಂದಾಗ ನೀವೋ, "ಸುಮ್ನೆ ಒಂದು ಹಚ್ಚಿ ಕೈಯಲ್ಲಿ ಹಿಡ್ಕೊಳೋ, ಎಳೀಬೇಡ" ಎಂದಿರಿ. ಆಗುವುದಿಲ್ಲಪ್ಪ. ನೋಯುವುದು ಕಾಲು, ಸುಟ್ಟುಕೊಳ್ಳುವುದು ಎದೆಯನ್ನೇ? ಮನೆ ನನ್ನ ಸಂಬಳದ ಮೇಲೆ ನಿಂತಿದೆ ಎಂದು ಗೊತ್ತು, ಅದಕ್ಕೇ ಭಯವೂ ಆಗುತ್ತಿದೆ. ಆದರೂ ನಾಳೆ ಕೂರುತ್ತೇನೆ. ಬೈಯುವುದಿದ್ದರೆ ಬೈದುಬಿಡಿ.

ಅತ್ತೆಗೆ ನನ್ನ ನಮಸ್ಕಾರ. ಮಾತ್ರೆ ತಪ್ಪಿಸಬೇಡಿ, ಗಾಳಿಗೆ ಮೈಯೊಡ್ಡಬೇಡಿ.

ಇತಿ,
ನಿಮ್ಮ ಹಟಮಾರಿ ಮಗ

ವಿ.ಸೂ.: ಕವರು ಅಂಟಿಸುವಷ್ಟರಲ್ಲಿ ಅತ್ತೆ ಫೋನ್ ಮಾಡಿದರು. ನೀವು ಈಗಲೂ ಬಚ್ಚಲಮನೆಯ ಹಿಂದೆ ನಿಂತು ಸೇದುತ್ತೀರಂತೆ. ಕೆಲಸ ಉಳಿದರೆ ಮುಂದಿನ ಭಾನುವಾರ, ಹೋದರೆ ಅದಕ್ಕೂ ಮೊದಲೇ ಬರುತ್ತೇನೆ. ಸೇದಲೇಬೇಕು ಎನಿಸಿದರೆ ಕದ್ದುಮುಚ್ಚಿ ಬೇಡ. ನನ್ನೆದುರು ಕೂತು, ನನ್ನ ಮುಖ ನೋಡುತ್ತಾ ಸೇದಿ.