ಬರೀ ಸದ್ದಿನ ಕೋವಿ

ಚಾಮರಾಜನಗರ
18 ಸೆಪ್ಟೆಂಬರ್ 2025, ಗುರುವಾರ

ನನ್ನ ರಾಜಶೇಖರನಿಗೆ,

ನಿನಗೂ ಶಿವರಂಜಿನಿಗೂ ಪುಟ್ಟಿಗೂ ನಿಮ್ಮವ್ವನ ಆಶೀರ್ವಾದ. ಕಣ್ಣಿನ ಪೊರೆ ತೆಗೆಸಿಕೊಂಡು ಇವತ್ತಿಗೆ ಹನ್ನೆರಡು ದಿನ. ನಿನ್ನಕ್ಕ ನಾಗರತ್ನ ನನ್ನನ್ನು ಒಲೆ ಹತ್ತಿರಕ್ಕೂ ಬಿಡುತ್ತಿಲ್ಲ. ಓದಬಾರದು, ಬರೆಯಬಾರದು ಅಂತ ಹೇಳಿ ಡ್ಯೂಟಿಗೆ ಹೋಗಿದ್ದಾಳೆ. ಅವಳು ಗೇಟು ದಾಟಿದ ಮೇಲೆ ಕೂತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಆಯ್ತು ಬುಡವ್ವ" ಅಂದುಬಿಡುತ್ತೀಯ, ನಾನೂ ಸುಮ್ಮನಾಗಿಬಿಡುತ್ತೇನೆ. ಕಾಗದಕ್ಕೆ ಹಾಗನ್ನೋಕಾಗಲ್ಲ.

ಭಾನುವಾರ ಸಂತೆಮರಹಳ್ಳಿಯಲ್ಲಿ ಬಾಳೆಗೊನೆ ಇಳಿಸಿ, ಪುಟ್ಟಿಯನ್ನೂ ಕರಕೊಂಡು ನನ್ನ ನೋಡಲು ಬಂದೆಯಲ್ಲ. ನೀನು ಒಳಗೆ ಕಾಫಿ ಕುಡಿಯುತ್ತಿದ್ದೆ. ಪುಟ್ಟಿ ಇನ್ನೂ ಪಿಕಪ್ಪಿನಲ್ಲೇ ಇದ್ದಾಳೆ ಅಂತ ನಾನು ಕರೆಯಲು ಹೋದೆ. ಸೀಟಿನ ಹಿಂದೆ ಗೋಣಿಚೀಲ ಸುತ್ತಿ ಇಟ್ಟಿದ್ದ ಕೋವಿ ಕಂಡಿತು. ಹೊಲ ಕಾದು ಸೀದಾ ಹೊರಟು ಬಂದಿದ್ದೀಯ, ಮನೆಯಲ್ಲಿ ಇಟ್ಟು ಬರಲು ಬೇಜಾರು. ಸಂತೆಯಲ್ಲಿ ಗೊನೆ ಇಳಿಸುವಾಗಲೂ ಅದು ಹಾಗೇ ಅಲ್ಲೇ ಇತ್ತು ತಾನೆ? ಗಾಜು ಇಳಿಸಿಯೇ ಇತ್ತು. ನಾನು ಮಗುವನ್ನು ಒಳಗೆ ಕಳಿಸಿ ಗಾಡಿ ಬಾಗಿಲಿಗೆ ಒರಗಿ ನಿಂತುಕೊಂಡೆ. ನೀನು ಆಚೆ ಬಂದು, "ಏನವ್ವ, ಗಾಡಿ ಕಾಯ್ತಿದ್ದೀಯಾ? ಸಂಬಳ ಏನು ಕೊಡ್ಲಿ?" ಅಂತ ನಕ್ಕೆ. ಬೀಗರ ಮನೆಯವರೆಲ್ಲ ಜಗುಲಿಯಲ್ಲಿದ್ದರು. ಗಾಳಿ ಚೆನ್ನಾಗಿದೆ ಕಣಪ್ಪ ಅಂದೆ. ಎಲೆಯೂ ಅಲ್ಲಾಡುತ್ತಿರಲಿಲ್ಲ.

ಆ ಕೋವಿಗೆ ನಿಮ್ಮಪ್ಪನ ಹೆಸರಲ್ಲಿ ಲೈಸೆನ್ಸು ಬಂದಾಗ ನಾನು ಆ ಮನೆಗೆ ಬಂದು ಮೂರು ವರ್ಷ. ಬೆಳೆ ಕಾಯಲು ಅಂತ ಕೊಟ್ಟಿದ್ದು. ಕೊರಳಲ್ಲಿ ಲಿಂಗ ಕಟ್ಟಿದವನಿಗೆ ಕೋವಿ ಯಾಕೆ ಅಂತ ಊರೆಲ್ಲ ನಕ್ಕಿತ್ತು. ನಿಮ್ಮಪ್ಪ ಅದಕ್ಕೊಂದು ದಾರಿ ಮಾಡಿಕೊಂಡರು. ಕಾಡತೂಸಿನ ತಲೆ ಬಿಚ್ಚಿ, ಸೀಸದ ಕಾಳೆಲ್ಲ ಸುರಿದು, ಆ ಜಾಗಕ್ಕೆ ಹಳೇ ಪಂಚೆಯ ಚೂರು ತುರುಕುತ್ತಿದ್ದರು. "ಹಂದಿ ಓಡಿದ್ರೆ ಸಾಕು ಕಣಮ್ಮಿ, ಸಾಯೋದು ಬ್ಯಾಡ" ಅನ್ನೋರು. ಮನೆಯಲ್ಲಿ ಅದಕ್ಕೆ ಸದ್ದಿನ ಕೋವಿ ಅಂತಲೇ ಹೆಸರಾಯಿತು. ಬರೀ ಸದ್ದು ತಾನೆ? ಕೊಡೆ ನೇತುಹಾಕುವ ಗೂಟಕ್ಕೇ ಅದನ್ನೂ ನೇತುಹಾಕುತ್ತಿದ್ದೆವು.

ನಿನಗೆ ನೆನಪಿರುವುದು ಆಮೇಲಿನ ಕಾಲ. ನಡುಮನೆ ಗೋಡೆಗೆ ಕೂರಿಸಿದ ಹಲಸಿನ ಮರದ ಪೆಟ್ಟಿಗೆ, ಅದಕ್ಕೆ ಬೀಗ. ಕಾಡತೂಸು ಅಡುಗೆ ಮನೆ ಅಟ್ಟದ ಟ್ರಂಕಿನಲ್ಲಿ, ಅದಕ್ಕೂ ಬೀಗ. ಪೆಟ್ಟಿಗೆ ಕೀಲಿ ಅವರ ಉಡಿದಾರದಲ್ಲಿ, ಟ್ರಂಕಿನ ಕೀಲಿ ನನ್ನ ಸೊಂಟದಲ್ಲಿ. ಒಬ್ಬರಿಂದ ಏನೂ ಆಗುವ ಹಾಗಿಲ್ಲ. ನಾವು ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಅವರು ಹೊಲಕ್ಕೆ ಹೊರಡುವ ಮುಂಚೆ ಬಂದು ಅಡುಗೆ ಮನೆ ಬಾಗಿಲಲ್ಲಿ ಕೆಮ್ಮಲೇಬೇಕಿತ್ತು. ನಾನು ಬೇಕಂತಲೇ ಕೇಳದವಳ ಹಾಗೆ ರೊಟ್ಟಿ ತಟ್ಟುತ್ತಾ ಇನ್ನೆರಡು ಸಲ ಕೆಮ್ಮಿಸುತ್ತಿದ್ದೆ. ಪಕ್ಕದ ಹೊಲದ ಮರಿಯಪ್ಪ ಒಂದು ಸಲ, "ಏನ್ಲಾ ಪುಟ್ಟಮಲ್ಲ, ಹೆಂಡ್ತಿ ಕೀಲಿ ಕೊಟ್ರೇನೆ ನಿಂಗೆ ಹಂದಿ ಮ್ಯಾಲೆ ಸಿಟ್ಟು ಬರೋದಾ?" ಅಂದನಂತೆ. "ಊ ಕಣ್ಲಾ, ನನ್ ಹೆಂಡ್ತಿ ಕೀಲಿನಾದ್ರೂ ಕೊಡ್ತಾಳೆ, ನಿನ್ ಹೆಂಡ್ತಿ ಹಿಟ್ಟೇ ಇಕ್ಕಲ್ವಲ್ಲ" ಅಂದರಂತೆ ಇವರು. ಅದನ್ನು ಮನೆಗೆ ಬಂದು ನನಗೆ ಹೇಳಿ ತಾವೇ ಮತ್ತೆ ನಕ್ಕರು.

ಬೆಳಗ್ಗೆ ಹೊಲದಿಂದ ಬಂದವರು ಕೋವಿ ಹಿಡಿದು ಹೊಸಿಲು ದಾಟುತ್ತಿರಲಿಲ್ಲ. ಆಚೆಯೇ ನಿಂತು, ಕೋವಿಯನ್ನು ನಡುವಿಗೆ ಮುರಿದು ಬಾಯಿ ಬಿಡಿಸಿ, "ನೋಡಮ್ಮಿ" ಅಂತ ಹಿಡಿಯೋರು. ನಳಿಗೆಗೆ ಕಣ್ಣಿಟ್ಟರೆ ಆ ತುದಿಯಲ್ಲಿ ಹುಲುಗನಮುರಡಿ ಬೆಟ್ಟದ ಒಂದು ಚೂರು ದುಂಡಗೆ ಕಾಣಬೇಕು. ಕಂಡರೆ ಒಳಗೆ. ಎಷ್ಟು ವರ್ಷ ನೋಡಿದೆನೋ! ಮಂಜು ಹೊದ್ದಿದ್ದು, ಎಳೆಬಿಸಿಲು ಬಿದ್ದಿದ್ದು, ಮಳೆಯಾದ ಮಾರನೆ ದಿನದ ಹಸುರು. ಬೆಟ್ಟ ಅಂದರೆ ಈಗಲೂ ನನ್ನ ಮನಸ್ಸಿಗೆ ಬರುವುದು ಅಂಗಿ ಗುಂಡಿಯಷ್ಟಗಲದ ಬೆಟ್ಟ.

ಇನ್ನು ಎಲೆಕ್ಷನ್ ಬಂತು ಅಂದರೆ ನನಗೆ ಹಬ್ಬ. ಕೋವಿಯನ್ನು ಗುಂಡ್ಲುಪೇಟೆ ಸ್ಟೇಷನ್ನಿಗೆ ಒಪ್ಪಿಸಬೇಕಿತ್ತಲ್ಲ. ತೆರಕಣಾಂಬಿಯಲ್ಲಿ ಬಸ್ಸು ಹತ್ತುತ್ತಿದ್ದೆವು. ಬಟ್ಟೆ ಚೀಲದಲ್ಲಿ ಖಾಲಿ ಕೋವಿ ಅವರ ತೊಡೆಯ ಮೇಲೆ, ಕಾಡತೂಸು ನನ್ನ ಬ್ಯಾಗಿನಲ್ಲಿ. ಇಳಿದ ಮೇಲೆ ಬಾಯಾರಿಕೆ ಅಂದರೂ ನಿಲ್ಲುತ್ತಿರಲಿಲ್ಲ, ಸೀದಾ ಸ್ಟೇಷನ್ನು. ರಸೀದಿ ಜೇಬಿಗೆ ಬಿದ್ದ ಮೇಲೆಯೇ ಹೋಟೆಲು, ಮಸಾಲೆ ದೋಸೆ. ಯಾರು ಗೆದ್ದರು, ಯಾರು ಸೋತರು ನನಗೆ ನೆನಪಿಲ್ಲ. ದೋಸೆ ನೆನಪಿದೆ.

ಇಷ್ಟೆಲ್ಲ ಶಿಸ್ತು ಯಾಕೆ ಬಂತು ಅಂತ ನೀನು ಯಾವತ್ತೂ ಕೇಳಲಿಲ್ಲ. ನಾವೂ ಹೇಳಲಿಲ್ಲ.

ನಿನಗೆ ಆಗ ಮೂರು ವರ್ಷ. ಆಯುಧ ಪೂಜೆಯ ಬೆಳಗ್ಗೆ. ಕುಡುಗೋಲು, ಮಚ್ಚು, ನೇಗಿಲ ಗುಳ ಎಲ್ಲ ತೊಳೆದು ನಡುಮನೆಯಲ್ಲಿ ಸಾಲಾಗಿ ಇಟ್ಟಿದ್ದೆ. ಕೋವಿಯನ್ನೂ ಗೂಟದಿಂದ ಇಳಿಸಿ ಗೋಡೆಗೆ ಒರಗಿಸಿದೆ. ಇಳಿಸಿದ್ದು ನಾನು. ಹಿಂದಿನ ದಿನದ ಕಾಡತೂಸು ಒಳಗೇ ಇತ್ತು. ತೆಗೆಯದೆ ನೇತುಹಾಕಿದ್ದು ಅವರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ವಿಭೂತಿ ಹಚ್ಚಿ ಚೆಂಡುಹೂವಿನ ಹಾರ ಹಾಕಿ ಕೈ ತೆಗೆದೆ, ಸಾರಿಸಿದ ನೆಲ ಇನ್ನೂ ಒದ್ದೆ, ಕೋವಿ ಜಾರಿ ಬಿದ್ದು ಢಂ ಅಂತು. ನೀನು ಅದರ ಪಕ್ಕದಲ್ಲೇ ಕಡ್ಲೆಪುರಿ ತಿನ್ನುತ್ತಾ ಕೂತಿದ್ದೆ.

ಒಳಗೆ ಕಾಳಿರಲಿಲ್ಲ. ಪಂಚೆ ಚೂರು ನಿನ್ನ ತಲೆ ಪಕ್ಕ ಹಾದು ಗೋಡೆ ಗಾರೆಯನ್ನು ಕಿತ್ತು ಹಾಕಿತ್ತು. ನಿನಗೆ ಒಂದು ಗೀರೂ ಆಗಿರಲಿಲ್ಲ. ಶಿವ ಕಾಪಾಡಿದ ಅಂತ ನಾವಿಬ್ಬರೂ ನಿನ್ನನ್ನು ತಬ್ಬಿಕೊಂಡು ಅತ್ತೆವು. ಎರಡು ದಿನ ಆದ ಮೇಲೆ ಗೊತ್ತಾಯಿತು, ಎಡಗಡೆಯಿಂದ ಕರೆದರೆ ನೀನು ತಿರುಗುತ್ತಿಲ್ಲ. ಮೈಸೂರಿನ ಡಾಕ್ಟರು ಕಿವಿ ತಮಟೆ ಹರಿದಿದೆ, ಒಳಗಿನ ನರಕ್ಕೂ ಪೆಟ್ಟಾಗಿದೆ ಅಂದರು.

ನಿನ್ನ ಕಿವಿ ಹೋಗಿದ್ದು ಜ್ವರದಿಂದಲ್ಲ ಮಗ. ಮೊದಲು ಲೈಸೆನ್ಸು ಹೋಗುತ್ತದೆ ಅಂತ ಜ್ವರ ಅಂದೆವು. ಆಮೇಲೆ ಅದೇ ಬಾಯಿಗೆ ಬಂತು. ಕೊನೆಗೆ ನಿನಗೆ ಹೆಣ್ಣು ನೋಡಲು ಹೋದಾಗಲೂ ಶಿವರಂಜಿನಿಯ ಅಪ್ಪನ ಎದುರು ಜ್ವರವೇ. ಮೇಷ್ಟ್ರು ಗುರುಸಿದ್ದಯ್ಯನವರು ಕ್ಲಾಸಿನಲ್ಲಿ ಹೇಳಿದ್ದು ನಿನಗೆ ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಅದಕ್ಕೇ ನಾನು ನಿನ್ನ ಸ್ಲೇಟು ಹಿಡಿದು ಅಕ್ಷರ ತಿದ್ದಿದ್ದು, ಸಂಜೆ ನಿನ್ನ ಬಲಗಡೆ ಕೂತು ಹೇಳಿಕೊಡಲಿಕ್ಕೆ. ಅವ್ವನಿಗೆ ಓದುವ ಆಸೆ ಅಂತ ನೀನು ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ನಾನು ತಿದ್ದಲಿಲ್ಲ.

ನಿಮ್ಮಪ್ಪ ಹೋದ ಮೇಲೆ ಈಗ ಕೋವಿ ನಿನ್ನ ಹೆಸರಿಗೆ ಬಂದಿದೆ. ಅಪ್ಪನ ಹಾಗೆಯೇ ನೀನೂ ಕಾಳು ತೆಗೆದೇ ತುಂಬುತ್ತೀಯ, ಗೊತ್ತು. ಅದು ಗೊತ್ತಿರುವುದಕ್ಕೇ ನನಗೆ ನಿದ್ದೆ ಬರುತ್ತಿಲ್ಲ. ಹಲಸಿನ ಪೆಟ್ಟಿಗೆಯಲ್ಲಿ ಈಗ ಪುಟ್ಟಿಯ ಸ್ಕೂಲ್ ಶೂ ಇಟ್ಟಿದ್ದೀರಂತೆ. ಶೂ ಆಚೆ ತೆಗೆ. ಕೋವಿ ಅಲ್ಲಿಗೆ, ಕಾಡತೂಸು ಟ್ರಂಕಿಗೆ. ಟ್ರಂಕಿನ ಕೀಲಿ ನನ್ನ ಹತ್ತಿರವೇ ಉಳಿದಿತ್ತು, ಈ ಕಾಗದದ ಜೊತೆ ಕಳಿಸಿದ್ದೇನೆ. ಅದು ನಿನಗಲ್ಲ, ಶಿವರಂಜಿನಿಗೆ. ಹೊಸಿಲಾಚೆ ನಿಂತು ಅವಳ ಕೈಲಿ ನಳಿಗೆ ನೋಡಿಸು. ಅವಳು ಬೈದರೆ ಬೈಸಿಕೋ. ಗಾಡಿಯಲ್ಲಿ ಬಿಟ್ಟು ಹೋಗುವುದು ಇವತ್ತಿಗೇ ಕೊನೆಯಾಗಲಿ. ಇನ್ನೆರಡು ವಾರಕ್ಕೆ ಆಯುಧ ಪೂಜೆ. ಕುಡುಗೋಲಿಗೆ ಹೂವಿಡಿ, ಟ್ರ್ಯಾಕ್ಟರಿಗೆ ಇಡಿ. ಕೋವಿಗಾದರೆ, ಬೀಗ ಹಾಕಿದ ಪೆಟ್ಟಿಗೆಯ ಮೇಲೇ ಒಂದು ಹೂವಿಟ್ಟರೆ ಸಾಕು.

ಸಿಟ್ಟು ಬಂದರೆ ಬರಲಿ. ನಲವತ್ತೊಂದು ವರ್ಷ ತಡವಾಗಿ ಹೇಳಿದವಳ ಮೇಲೆ ಬರಬೇಕಾದದ್ದೇ.

ನಿನ್ನ ಬಲಗಡೆ ಕೂತೇ ಹೇಳುತ್ತಿದ್ದೇನೆ ಅಂದುಕೋ,
ನಿಮ್ಮವ್ವ
ಚಿಕ್ಕಮಲ್ಲಮ್ಮ

ಮರೆತು ಬಿಟ್ಟಿದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ: ಭಾನುವಾರ ನಾನು ಗಾಡಿಯ ಬಾಗಿಲು ತೆಗೆದಾಗ ಪುಟ್ಟಿ ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ತಿರುಗಿದ್ದಳು. ಗೋಣಿ ಸರಿಸಿ, ನಳಿಗೆಯ ತುದಿಗೆ ಬಾಯಿಟ್ಟು, ಜಾತ್ರೆ ಪೀಪಿಯ ಹಾಗೆ ಊದುತ್ತಿದ್ದಳು. ನನ್ನನ್ನು ನೋಡಿ, "ಅಜ್ಜಿ, ಇದ್ರಲ್ಲಿ ಸದ್ದೇ ಬರ್ತಾ ಇಲ್ಲ" ಅಂದಳು. ಅವಳನ್ನು ಬೈಯಬೇಡ. ಒಳಗೆ ಕಾಡತೂಸು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಿನಗೆ ಗೊತ್ತು.