ಟೈರಿನೊಳಗಿನ ಸೀರೆಯ ಚೂರು

ಅಪ್ಪಾ,

ಪರದೇಶಿ ಮಾಲು ಮುಟ್ಟುವುದಿಲ್ಲವೆಂದು ನಿನ್ನೆದುರು ಆಣೆ ಮಾಡಿದ್ದ ನಾನು ಇಂದು ನೀನು ಬಿಟ್ಟುಹೋದ ವಿಲಾಯಿತಿ ಸೈಕಲ್ ಹತ್ತಿದೆ. ಗೆಳೆಯ ಖಾಸಿಂಸಾಬನ ಹೆಂಡತಿಗೆ ಹೆರಿಗೆ ಕಷ್ಟವಾಗಿ, ಹುನಗುಂದದ ಡಾಕ್ಟರರನ್ನು ಕರೆತರಬೇಕಿತ್ತು. ಅರ್ಧ ದಾರಿಯಲ್ಲಿ ಜಾಲಿಮುಳ್ಳು ಚುಚ್ಚಿ ಗಾಲಿಯ ಗಾಳಿ ಹೋಯಿತು. ಟೈರು ಬಿಚ್ಚಿದರೆ, ಹಳೆಯ ಸೀಳಿಗೆ ಒಳಗಿನಿಂದ ನೀನು ಒತ್ತಿಟ್ಟ ಇಳಕಲ್ ಸೀರೆಯ ಚೂರು. ಪರದೇಶಿ ಟೈರಿಗೆ ಸ್ವದೇಶಿ ಬಟ್ಟೆಯ ಆಸರೆ ಎಂದು ನಕ್ಕುಬಿಟ್ಟೆ. ನೀನು ತೂತು ಮುಚ್ಚುವಾಗ ನಾನು ಕರಪತ್ರ ಓದುವವನಂತೆ ನಟಿಸಿ ನಿನ್ನ ಕೈಯನ್ನೇ ನೋಡುತ್ತಿದ್ದೆ. ಹಾಗೆಯೇ ಟ್ಯೂಬನ್ನು ಹಳ್ಳದ ನೀರಿನಲ್ಲಿ ಅದ್ದಿ, ಗುಳ್ಳೆ ಎದ್ದಲ್ಲಿ ಒರೆಸಿ, ಉಜ್ಜಿ, ನಿನ್ನ ಸೀಟುಚೀಲದಲ್ಲಿದ್ದ ತೇಪೆ ಅಂಟಿಸಿ ಗಾಳಿ ತುಂಬಿದೆ.

ಗಂಡು ಮಗು. “ಏನ್ಲೇ ಸ್ವದೇಶಿ, ಕಡೀಗೂ ಪರದೇಶಿ ಗಾಡಿ ಹತ್ತಿದಿ ಹೌದಿಲ್ಲೋ?” ಎಂದು ಖಾಸಿಂಸಾಬ ಅಳುತ್ತಲೇ ಚುಡಾಯಿಸಿದ.

“ಲಗೂ ಬಂದಿ, ಅದಕ್ಕ ಇಬ್ರೂ ಉಳದ್ರು,” ಎಂದರು ಡಾಕ್ಟರು.

ಹೋದ ವರ್ಷ ನಿನಗೆ ಜ್ವರ ಏರಿದಾಗ ಸೈಕಲ್ ಗೋಡೆಗೆ ಒರಗಿತ್ತು. ಇದೇ ಡಾಕ್ಟರರನ್ನು ಕರೆಯಲು ನಾನು ನಡೆದುಕೊಂಡು ಹೋಗಿದ್ದೆ.