ಜಾರುವ ಅಟ್ಟೆ

ಗಜೇಂದ್ರಗಡ,
ತಾ. ೧೭-೧೧-೧೯೫೫

ಅಕ್ಕ ತಿಪ್ಪವ್ವನಿಗೆ, ಎರಡು ವರ್ಷ ತಡವಾಗಿ ಹುಟ್ಟಿದ ತಪ್ಪಿಗೆ ನಮಸ್ಕಾರ ಮಾಡಲೇಬೇಕಾದ ತಂಗಿ ಕರೆವ್ವ ಬರೆಯುವುದೇನೆಂದರೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದಿಲ್ಲ. ನಿನ್ನ ಕ್ಷೇಮ ಕೇಳುವುದೂ ಇಲ್ಲ. ನೀನು ಮುಂಬಯಿಯಲ್ಲಿ ಕುಣಿಯುತ್ತ ಬಿದ್ದದ್ದು, ನಿನ್ನ ಮೊಣಕಾಲು ಬಾತದ್ದು ಎಲ್ಲವೂ ನಮ್ಮ ಅರ್ಧ ಪೇಟೆಗೆ ಗೊತ್ತಾಗಿದೆ. ಅಪ್ಪನನ್ನು ಬೈಯಬೇಕಿದ್ದರೆ ಲಕೋಟೆಯೊಳಗೆ ಬೈಯಬಾರದಿತ್ತೆ? ತೆರೆದ ಕಾರ್ಡಿನಲ್ಲಿ ಬೈದು ಕಳಿಸಿದೆ. ಅಪ್ಪನಿಗೆ ಓದಲು ಬಾರದು ಎಂಬುದು ಆರು ವರ್ಷದಲ್ಲಿ ಮರೆತುಹೋಯಿತೋ ಏನೋ.

ಕಾರ್ಡು ಬಂದಾಗ ನಾನು ನೀರಿಗೆ ಹೋಗಿದ್ದೆ. ಅಪ್ಪ ಅದನ್ನು ಸಂತೆಗೆ ಬಂದಿದ್ದ ಸವಡಿಯ ಪರಶಪ್ಪನ ಕೈಗೆ ಕೊಟ್ಟು ಓದಿಸಿದ. ಪರಶಪ್ಪನ ಗಂಟಲು ನಿನಗೆ ಗೊತ್ತಲ್ಲ, ಆಚೆ ಹೊಲದ ಎತ್ತು ತಿರುಗಿ ನೋಡುತ್ತದೆ. ನಾನು ಕೊಡ ಹೊತ್ತು ಓಣಿ ತಿರುಗುವಾಗಲೇ ಕೇಳಿಸಿತು: "ಅಪ್ಪಾ, ನೀ ಮಾಡಿ ಕಳಿಸಿದ ಬೂಟು ನನ್ನ ಮೊಣಕಾಲ ಮುರೀತು. ಬುಡಕ್ಕ ಜಾರೋ ಅಟ್ಟಿ ಹಚ್ಚು ಅಂದ್ರ ಮೋಟಾರಿನ ಟಾಯರ ಹಚ್ಚೀದಿ. ನಿನ್ನ ಕೈ ಸತ್ತಾವೇನು? ಡಿಸೆಂಬರ ಒಂದಕ್ಕ ನಾ ಎದ್ದು ನಿಲ್ಲಲಿಲ್ಲಂದ್ರ ಯಜಮಾನಿ ಬ್ಯಾರೆದಾಕೀನ ಇಟ್ಕೊಳ್ತಾಳ." ನಮ್ಮ ಚಪ್ಪಲಿ ಅಂಗಡಿಯ ಮುಂದೆ ಐದಾರು ಜನ. ಎಲ್ಲರೂ ಅಪ್ಪನ ಕೈಯನ್ನೇ ನೋಡುತ್ತಿದ್ದರು. ಅಪ್ಪ ನನ್ನನ್ನು ನೋಡುತ್ತಿದ್ದ. "ಯಾವ ಬೂಟ?" ಎಂದ.

ಕೈ ಸತ್ತಾವೇನು ಎಂದು ಕೇಳಿದೆಯಲ್ಲ. ಹೌದು, ಸತ್ತಿದೆ, ಬಲಗೈ. ಎರಡು ವರ್ಷದ ಹಿಂದೆ ಯುಗಾದಿಯ ಮರುದಿನ ಲಕ್ವಾ ಹೊಡೆಯಿತು. ಮಾತು ತಿರುಗಿ ಬಂತು, ಕೈ ಬರಲಿಲ್ಲ. ನಿನಗೆ ತಿಳಿಸಲಿಲ್ಲ. ಏಕೆ ತಿಳಿಸಬೇಕಿತ್ತು? ಗಂಡ ತೀರಿಹೋದಾಗ ಊರಿಗೆ ಬಾ ಎಂದು ಅಪ್ಪ ಹೇಳಿ ಕಳಿಸಿದರೆ, ಇಲ್ಲಿ ನನಗೆ ಕೆಲಸ ಸಿಕ್ಕಿದೆ ಎಂದು ಎರಡು ಸಾಲು ಗೀಚಿದವಳು ನೀನು. ಎಂಥ ಕೆಲಸ! ಗೋವೆಯ ಹೆಂಗಸೊಬ್ಬಳ ಕುಣಿತದ ಶಾಲೆಯಲ್ಲಿ ಕಸ ಗುಡಿಸುವುದು. ಗುಡಿಸುತ್ತ ಗುಡಿಸುತ್ತ ನೋಡಿ ಕಲಿತು, ಈಗ ಟ್ಯಾಂಗೊ ಎಂಬ ಜೋಡಿ ಕುಣಿತ ಕಲಿಸುತ್ತೀಯಂತೆ. ಸಂತೋಷ. ನರಗುಂದದವರು ನನ್ನನ್ನು ನೋಡಿ ಒಪ್ಪಿ ಹೋದವರು ಅದೇ ಸಂತೋಷದ ಸುದ್ದಿ ಕೇಳಿ ತಾಂಬೂಲ ಹಿಂದಕ್ಕೆ ಕಳಿಸಿದರು. ಪರಗಂಡಸರ ಕೈ ಹಿಡಿದು ಕುಣಿಯುವವಳ ತಂಗಿ ಬೇಡವಂತೆ. ಇದನ್ನೂ ನಿನಗೆ ತಿಳಿಸಿರಲಿಲ್ಲ.

ಅಂಗಡಿ ಹೇಗೆ ನಡೆಯಿತು ಎಂದು ಕೇಳುತ್ತೀಯಾ? ಕೇಳಲಿಕ್ಕಿಲ್ಲ. ಆದರೂ ಹೇಳುತ್ತೇನೆ. ನರಗುಂದದ ಔಷಧಿಯಿಂದ ಕೈ ನೆಟ್ಟಗಾಯಿತೆಂದು ಊರನ್ನು ನಂಬಿಸಿದೆವು. ಅಪ್ಪ ಬಲಗೈಯನ್ನು ಧೋತರದ ಮಡಿಕೆಯಲ್ಲಿಟ್ಟು ಕಟ್ಟೆಯ ಮೇಲೆ ಕೂಡುವುದು, ನಾನು ಬಾಗಿಲ ಹಿಂದೆ ಕೂತು ಹೊಲಿಯುವುದು. ನಮ್ಮಲ್ಲಿ ಹೆಂಗಸು ಚಪ್ಪಲಿಯ ಜಡೆ ಹೆಣೆಯಬಹುದು, ಗೊಂಡೆ ಕಟ್ಟಬಹುದು, ದಾರಕ್ಕೆ ಮೇಣ ತಿಕ್ಕಬಹುದು. ತೊಗಲು ಕೊಯ್ಯುವ ರಂಪಿಗೆ ಮಾತ್ರ ಹಿಡಿಯುವಂತಿಲ್ಲ. ಹೆಂಗಸು ಕೊಯ್ದ ಅಟ್ಟೆಯನ್ನು ಗಂಡಸು ಮೆಟ್ಟುವುದಿಲ್ಲ. ಇದು ಹೊರಗೆ ಬಿದ್ದರೆ ಅಂಗಡಿಗೆ ಕದ ಹಾಕಬೇಕಾಗಿತ್ತು. ಎರಡು ವರ್ಷ ನಾನು ಕೆಮ್ಮನ್ನೂ ಸೆರಗಿನಲ್ಲಿ ಅಡಗಿಸಿ ಕೆಲಸ ಮಾಡಿದ್ದೇನೆ. ಆಗ ನೀನು ಅಲ್ಲಿ ಹೆಜ್ಜೆ ಹಾಕುತ್ತಿದ್ದೆ.

ಶ್ರಾವಣದಲ್ಲಿ ನಿನ್ನ ಮೊದಲ ಪತ್ರ ಬಂತು, ಲಕೋಟೆಯಲ್ಲಿ, ಅಪ್ಪನ ಹೆಸರಿಗೆ. ಅದನ್ನು ಅಪ್ಪನಿಗೆ ಓದಿ ಹೇಳಲಿಲ್ಲ. ಅಕ್ಕಿ ಡಬ್ಬಿಯ ಕೆಳಗಿಟ್ಟು ನಾನೊಬ್ಬಳೇ ಓದಿದೆ. ಮುಂಬಯಿಯ ಬೂಟುಗಳ ಮೂತಿ ಚೂಪು, ಬರಿಗಾಲಲ್ಲಿ ಬೆಳೆದ ನಮ್ಮ ಬೆರಳುಗಳು ಅದರಲ್ಲಿ ಹಿಡಿಸುವುದಿಲ್ಲ, ಗುಳ್ಳೆ ಏಳುತ್ತವೆ, ಎರಡು ತಿಂಗಳಿಗೆ ಹಿಮ್ಮಡಿ ಕಿತ್ತು ಕೈಗೆ ಬರುತ್ತದೆ, ಅಪ್ಪನೇ ಒಂದು ಜೊತೆ ಮಾಡಿ ಕಳಿಸಲಿ ಎಂದು ನೀನು ಬರೆದಿದ್ದೆ. ಬೆರಳಿಗೆ ಮೆತ್ತಗಿರಬೇಕು, ವರ್ಷವಾದರೂ ಬಾಳಬೇಕು, ಹಿಮ್ಮಡಿ ಮೂರು ಬೆರಳು ಎತ್ತರವಿರಬೇಕು, ಕಾಲು ಕಳಚದಂತೆ ಕಣಕಾಲಿಗೆ ಪಟ್ಟಿ ಬೇಕು. ಎಲ್ಲಕ್ಕಿಂತ ಮುಖ್ಯ, ನಿಂತಲ್ಲೇ ತಿರುಗುವಾಗ ಅಟ್ಟೆ ನೆಲದ ಮೇಲೆ ಜಾರಬೇಕು, ಇಲ್ಲದಿದ್ದರೆ ಮೈ ತಿರುಗುತ್ತದೆ, ಕಾಲು ತಿರುಗುವುದಿಲ್ಲ, ಮೊಣಕಾಲು ಹೋಗುತ್ತದೆ ಎಂದೂ ಬರೆದಿದ್ದೆ. ಆ ಕುಣಿತದ ಹೆಜ್ಜೆಯನ್ನು ಸಹ ಬರೆದಿದ್ದೆ, ಎರಡು ನಿಧಾನ, ಎರಡು ಲಗೂ, ಒಂದು ನಿಧಾನ ಎಂದು. ಅಪ್ಪ ಅದನ್ನು ತಿಳಿದುಕೊಂಡು ಏನು ಮಾಡಬೇಕಿತ್ತೋ ನಿನಗೇ ಗೊತ್ತು.

ಜೊತೆಗೆ ಕಾಲಿನ ಅಳತೆಗೆ ಕಸಬರಿಗೆಯ ಕಡ್ಡಿ, ಸುತ್ತಳತೆಗೆ ಗಂಟು ಹಾಕಿದ ದಾರ. ಗೋಣೆಪ್ಪನ ಮಗಳಾಗಿ ಕೂತುಕೊಂಡು ಅಳತೆ ತೆಗೆದಿದ್ದೀಯಲ್ಲ, ನಾಚಿಕೆಯಾಗಬೇಕು. ಮೈಭಾರ ಬಿದ್ದಾಗ ಕಾಲು ಉದ್ದಗಲ ಎರಡರಲ್ಲೂ ಹಿಗ್ಗುತ್ತದೆಂಬುದು ನಾವು ನಡೆಯಲು ಕಲಿಯುವ ಮೊದಲೇ ಕೇಳಿದ ಮಾತು. ಹೊತ್ತು ಇಳಿದ ಮೇಲೆ, ಎದ್ದು ನಿಂತು, ಎರಡೂ ಕಾಲು ಅಳೆಯಬೇಕು. ಕಡ್ಡಿಯನ್ನು ನನ್ನ ಕಾಲಿಗಿಟ್ಟು ನೋಡಿದೆ, ಅರ್ಧ ಬೆರಳು ಗಿಡ್ಡ. ನಿನ್ನ ಕಾಲೂ ನನ್ನ ಕಾಲೂ ಒಂದೇ ಅಳತೆ ಎಂಬುದು ನನಗೆ ಗೊತ್ತಿಲ್ಲವೆ? ಶಾಲೆಗೆ ಹೋಗುವಾಗ ಒಂದೇ ಜೊತೆ ಚಪ್ಪಲಿಯನ್ನು ದಿನಕ್ಕೊಬ್ಬರಂತೆ ಮೆಟ್ಟಿದವರು.

ಈಗ ಟಾಯರಿನ ಮಾತು. ಜಾರುವ ಅಟ್ಟೆಯನ್ನು ಈ ಸೀಮೆಯಲ್ಲಿ ಯಾರೂ ಕೇಳಿದ್ದಿಲ್ಲ, ಎರೆಹೊಲದ ಕೆಸರಿನಲ್ಲಿ ನಡೆಯುವವರಿಗೆ ಜಾರದಿರುವುದೇ ಬೇಕು, ಬಾಳಿಕೆ ಎಂದರೆ ನಮಗೆ ಟಾಯರು ಮತ್ತು ಮೊಳೆ, ಆದ್ದರಿಂದ ತಪ್ಪಾಯಿತು ಎಂದು ಬರೆದು ನಿನ್ನ ಬಾಯಿ ಮುಚ್ಚಿಸಬೇಕೆಂದು ನಿನ್ನೆಯವರೆಗೂ ಅಂದುಕೊಂಡಿದ್ದೆ. ಯಾರಾದರೂ ನಂಬುವ ಮಾತು. ನೀನೂ ನಂಬುತ್ತಿದ್ದೆ.

ಆದರೆ ಅದು ಸುಳ್ಳು. ಜಾರಬೇಕು ಎಂದು ನೀನು ಬರೆದದ್ದನ್ನು ನಾನು ಮೂರು ಸಲ ಓದಿದ್ದೆ. ಅದರ ಕೆಳಗೆ ಇನ್ನೊಂದು ಸಾಲಿತ್ತು: ಸರಿಯಾದ ಬೂಟು ಸಿಗದಿದ್ದರೆ ಈ ಕೆಲಸ ಬಿಟ್ಟು ಊರಿಗೇ ಬರಬೇಕಾದೀತು. ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮೋದಿನಸಾಬರ ತೊಗಲಿನ ಗೋದಾಮಿಗೆ ಹೋಗಿ ಹಳೆಯ ಬಸ್ಸಿನ ಟಾಯರು ತಂದೆ. ಅಪ್ಪ ಮಧ್ಯಾಹ್ನ ಮಲಗಿದಾಗ ಕೊಯ್ದು ಹಚ್ಚಿದೆ. ಆಶೀರ್ವಾದ ಎಂದು ಅಪ್ಪನ ಹೆಸರಿನಲ್ಲಿ ಚೀಟಿ ಬರೆದು ಪಾರ್ಸಲು ಕಳಿಸಿದೆ. ನೀನು ಬೀಳಲೆಂದು ಹಚ್ಚಿದ್ದಲ್ಲ. ಕುಣಿಯಲು ಬಾರದಂತೆ ಆಗಲಿ, ಬರಲಿ, ಅಪ್ಪನ ಬಾಯಿಗೆ ಗಂಜಿ ಹಾಕುವ ಕೆಲಸದಲ್ಲಿ ಅರ್ಧವಾದರೂ ಅವಳ ಪಾಲಿಗೆ ಬರಲಿ ಎಂದು ಹಚ್ಚಿದೆ. ಮೊಣಕಾಲಿನ ಮಾತನ್ನು ಓದಿದ್ದೆನಲ್ಲ, ಆದ್ದರಿಂದ ಬೀಳಲೆಂದು ಹಚ್ಚಿದ್ದಲ್ಲ ಎಂದರೂ ಪೂರ್ತಿ ನಿಜವಲ್ಲ. ಬೈಯಬೇಕಾದರೆ ಬೈ. ಅಪ್ಪನನ್ನು ಬಿಡು.

ಆ ದಿನ ಅಂಗಡಿಯ ಮುಂದೆ, ಯಾವ ಬೂಟು ಎಂದು ಅಪ್ಪ ಕೇಳಿದಾಗ ನಾನು ಕೊಡ ಇಳಿಸಲಿಲ್ಲ. ಎಲ್ಲವನ್ನೂ ಹೇಳಲೂ ಇಲ್ಲ. ನಾನು ಮಾಡಿ ಕಳಿಸಿದ್ದು ಎಂದೆ, ಅಷ್ಟೆ. ಅಪ್ಪ ಆ ಬಲಗೈಯನ್ನು ಎಡಗೈಯಿಂದ ಎತ್ತಿ ಎಲ್ಲರ ಮುಂದೆ ತೊಡೆಯ ಮೇಲಿಟ್ಟುಕೊಂಡ. "ಪರಶಪ್ಪಾ, ನನ್ನ ಮಗಳು ಬರದದ್ದು ಖರೇ ಐತಿ. ಈ ಕೈ ಸತ್ತು ಎರಡ ವರ್ಷಾತು. ನಿನ್ನ ಕಾಲಾಗಿನ ಕೆರ ಕರೆವ್ವನ ಕೈದು. ಇವರೆಲ್ಲಾರ ಕಾಲಾಗಿನೂವೂ ಆಕಿ ಕೈವ" ಎಂದ. ಪರಶಪ್ಪ ತನ್ನ ಕಾಲನ್ನೇ ನೋಡಿಕೊಂಡ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಡೆದುಹೋದ. ಉಳಿದವರೂ ಹೋದರು. ಎರಡು ವರ್ಷ ನಾನು ಕಾಪಾಡಿದ್ದನ್ನು ನಿನ್ನ ಒಂದು ಕಾರ್ಡು ತೆಗೆದುಹಾಕಿತು.

ಒಳಗೆ ಬಂದ ಮೇಲೆ ಅಪ್ಪ ಮೊದಲ ಪತ್ರ ತರಿಸಿ ಓದಿಸಿದ. ಜಾರಬೇಕು ಎಂಬ ಸಾಲು ಬಂದಾಗ ನಿಲ್ಲಿಸಿ, ಮತ್ತೊಮ್ಮೆ ಓದು ಎಂದ. ಓದಿದೆ. ಬೂಟಿನ ಕಟ್ಟಿಗೆ ಅಚ್ಚನ್ನು ಎಡಗೈಯಿಂದ ತೆಗೆದು ನನ್ನ ಮೇಲೆ ಎಸೆದ. ಅದು ಮೊಣಕಾಲಿಗೇ ಬಿತ್ತು. ಆದ್ದರಿಂದ ಆ ವಿಷಯದಲ್ಲಿ ನಾವಿಬ್ಬರೂ ಈಗ ಸರಿಸಮ. "ಆಕಿ ಮ್ಯಾಲಿನ ಸಿಟ್ಟು ಆಕಿಗೆ ಹೇಳು. ಕೆಲಸದೊಳಗ ಕಲಸಬ್ಯಾಡ. ಬಾ, ಕೂಡು" ಎಂದ. ಆರು ವರ್ಷದಲ್ಲಿ ಅಪ್ಪ ನಿನ್ನ ಹೆಸರೆತ್ತಿಲ್ಲ, ಅವತ್ತೂ ಎತ್ತಲಿಲ್ಲ. ಆಕಿ ಎಂದಷ್ಟೇ ಎಂದ.

ಹದಿನೈದು ದಿನ ಬೇರೆ ಕೆಲಸವಿರಲಿಲ್ಲ, ಯಾರೂ ಬರುತ್ತಿರಲಿಲ್ಲ. ಅಪ್ಪ ಹೇಳಿದಂತೆ ನಾನು ಮಾಡಿದೆ. ಒಳಗೆ ಆಡಿನ ಮೆತ್ತನೆಯ ತೊಗಲು. ಮೂತಿಯನ್ನು ಗುಂಡಗೆ, ಐದೂ ಬೆರಳು ಚಾಚುವಷ್ಟು ಬಿಟ್ಟಿದ್ದೇನೆ. ಅಟ್ಟೆಗೆ ಎಮ್ಮೆ ತೊಗಲು, ಆದರೆ ನುಣುಪು ಮಗ್ಗಲು ಒಳಗೆ, ಜುಂಗಿನ ಒರಟು ಮಗ್ಗಲು ಹೊರಗೆ. ಪೂರ್ತಿ ನುಣುಪಾದರೆ ಬೀಳುತ್ತೀ, ಟಾಯರಾದರೆ ತಿರುಗುವುದಿಲ್ಲ, ಇದು ಎರಡರ ನಡುವೆ ಎಂದು ಅಪ್ಪ ಹೇಳಿದ. ಅಂಗಾಲಿನ ಕಮಾನು ಕುಸಿಯದಂತೆ ನರಗುಂದದ ಅರಳೆ ಮೂಟೆಗೆ ಕಟ್ಟುವ ಕಬ್ಬಿಣದ ಪಟ್ಟಿಯನ್ನು ಬಡಿದು ಒಳಗೆ ಕೂಡಿಸಿದೆ. ಹಿಮ್ಮಡಿಗೆ ಮುರಿದ ಮಗ್ಗದ ಕಟ್ಟಿಗೆ. ಅದು ಕಾಲಿನ ಹಿಂದಕ್ಕೆ ಚಾಚದೆ ಹಿಮ್ಮಡಿ ಎಲುಬಿನ ನೆಟ್ಟನೆ ಕೆಳಗೆ ನಿಲ್ಲಬೇಕೆಂದು ಮೂರು ಸಲ ಬಿಚ್ಚಿಸಿ ಹಚ್ಚಿಸಿದ. ಮೊಳೆಯ ತಲೆ ಎಲ್ಲಿಯೂ ಇಲ್ಲ, ಎಲ್ಲವೂ ಮೇಣದ ದಾರದ ಹೊಲಿಗೆ. ನಿನ್ನ ಯಜಮಾನಿಯ ನೆಲಕ್ಕೆ ಗೀರು ಬೀಳುವುದಿಲ್ಲ.

ಅಟ್ಟೆ ಜಾರುತ್ತದೆ. ಹೇಗೆ ಗೊತ್ತು ಎಂದು ಕೇಳಬೇಡ. ನಾನು ಹಾಕಿಕೊಂಡು ನೋಡಿಲ್ಲ. ಅಂಥ ಹುಚ್ಚು ನಿನಗೇ ಇರಲಿ.

ಒದ್ದೆ ನೆಲದ ಮೇಲೆ ಇಡಬೇಡ. ಬೀದಿಗೆ ಮೆಟ್ಟಬೇಡ. ಅಟ್ಟೆ ನುಣುಪಾಗಿ ಹೊಳೆಯತೊಡಗಿದರೆ ಇಟ್ಟಂಗಿಯ ಚೂರಿನಿಂದ ತಿಕ್ಕು. ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿಕೋ. ಡಿಸೆಂಬರ ಒಂದಕ್ಕೆ ನಿಲ್ಲುವುದು ಬಿಡುವುದು ನಿನಗೆ ಬಿಟ್ಟದ್ದು. ಕೆಲಸ ಹೋಯಿತೆಂದು ಇಲ್ಲಿಗೆ ಬರಬೇಡ. ಬರುವುದಾದರೆ ಅಪ್ಪನನ್ನು ನೋಡಬೇಕು ಎಂದು ಬಾ, ಬೇರೆಲ್ಲೂ ಜಾಗವಿಲ್ಲ ಎಂದು ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಬೂಟು ಚಲೋ ಆಗಿದೆ, ಸಿಟ್ಟೂ ಹೋಯಿತು ಎಂದು ತಿಳಿದುಕೊಳ್ಳಬೇಡ. ಮೊನ್ನೆ ಪರಶಪ್ಪ ಬಂದಿದ್ದ. ಹದಿನೈದು ದಿನ ಬರಿಗಾಲಲ್ಲಿ ನಡೆದು ಹಿಮ್ಮಡಿ ಒಡೆದಿತ್ತು. ಅದೇ ಚಪ್ಪಲಿಯನ್ನು ಕಟ್ಟೆಯ ಮೇಲಿಟ್ಟು, ನನ್ನ ಮುಖ ನೋಡದೆ, "ಅವತ್ತ ಕಳಚೂವಾಗ ಉಂಗುಟದ ಪಟ್ಟಿ ಹರದೈತಿ. ಯಾರ ಕೈದಾದ್ರೂ ಇರಲಿ, ಲಗೂ ಹೊಲದು ಕೊಡು" ಎಂದ. ಕಟ್ಟೆಯ ಮೇಲೆಯೇ ಕೂತು, ಎಲ್ಲರ ಮುಂದೆ ಹೊಲಿದುಕೊಟ್ಟೆ.

ಇಂತು, ಇನ್ನೂ ಸಿಟ್ಟಿನಲ್ಲಿರುವ
ಕರೆವ್ವ

ತಾ. ಕ.: ಬಲಗಾಲಿನ ಅಟ್ಟೆಯ ತುದಿ ಈಗಾಗಲೇ ಸ್ವಲ್ಪ ಸವೆದಿದೆ. ಹಳೆಯದನ್ನು ಕಳಿಸಿದಳು ಎಂದು ಮತ್ತೊಂದು ಕಾರ್ಡು ಗೀಚಬೇಡ. ನಮ್ಮ ಮನೆಯ ಸಗಣಿ ನೆಲದಲ್ಲಿ ಯಾವ ಅಟ್ಟೆಯೂ ಜಾರುವುದಿಲ್ಲ, ಆದ್ದರಿಂದ ಮೋದಿನಸಾಬರ ಗೋದಾಮಿನ ಕಲ್ಲುಹಾಸಿನ ಮೇಲೆ ಒಂಬತ್ತು ಮಧ್ಯಾಹ್ನ ನಾನೇ ಹಾಕಿಕೊಂಡು ನೋಡಿದೆ. ಎರಡನೆಯ ದಿನ ಅವರು ಕಂಡು, "ಚೇಳು ಕಡೀತೇನ ಕರೆವ್ವಾ?" ಎಂದು ಓಡಿ ಬಂದರು. ಎಲ್ಲಿಯೂ ಒತ್ತುವುದಿಲ್ಲ. ಆದರೆ ಎರಡು ನಿಧಾನ ಆದ ಮೇಲೆ, ಲಗೂ ಹೆಜ್ಜೆಗಳಲ್ಲಿ ಎರಡನೆಯದಕ್ಕೆ ಎಡಗಾಲು ಎಲ್ಲಿಗೆ ಹೋಗಬೇಕು? ನೀನು ಬರೆದಂತೆ ಹಿಂದಕ್ಕೇ ಹೋದರೆ ಪ್ರತಿ ಸಲವೂ ಬೆನ್ನು ಗೋಡೆಗೆ ಬಡಿಯುತ್ತದೆ. ಸರಿಯಾಗಿ ಬರೆದು ತಿಳಿಸು, ಲಕೋಟೆಯಲ್ಲಿ. ನನಗಾಗಿ ಇನ್ನೊಂದು ಜೊತೆಗೆ ತೊಗಲು ಕೊಯ್ದಿಟ್ಟಿದ್ದೇನೆ.